ನಾನೂರು ಅಡಿ ಮತ್ತು ಕಾಸ್ಬಿ ದಂಪತಿಯ ಕೋಳಿಗಳು

ಈ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ. ಬರೆಯಬೇಕಾಗಿದ್ದು ಒಂದಿತ್ತು, ಅದನ್ನು ಬರೆದರೆ ನನ್ನ ತಪ್ಪನ್ನೇ ಮೊದಲು ಹೇಳಬೇಕಾಗಿತ್ತು. ಅದಕ್ಕೇ ಇಷ್ಟು ದಿನ ಮುಂದೂಡಿದೆ.

ವಿಷಯ ಇಷ್ಟು. ಕಳೆದ ವರ್ಷ ಒಂದು ಪುಟ್ಟ ಡ್ರೋನ್ ಕೊಂಡೆ. 249 ಗ್ರಾಂ ತೂಕ. ನಾಲ್ಕು ರೆಕ್ಕೆ ಮಡಚಿದರೆ ಜಾಕೆಟ್ಟಿನ ಜೇಬಿಗೆ ಹಿಡಿಸುತ್ತೆ. ನಾನಿರೋದು ನಾರ್ತ್ ಕೆರೊಲಿನಾದ ರಾಲಿ ಪಕ್ಕ. ಇಲ್ಲಿ ಅಕ್ಟೋಬರ್ ಕೊನೆಗೆ ಕಾಡೆಲ್ಲ ಕೆಂಪು-ಹಳದಿಗೆ ತಿರುಗುತ್ತೆ, ಅದನ್ನು ಮೇಲಿಂದ ನೋಡಬೇಕು ಅನ್ನೋದು ಆಸೆ. ಗೆಳೆಯನೊಬ್ಬನ ಪರಿಚಯದವರ ಜಮೀನು ಊರಾಚೆ ಇತ್ತು, ಅದರ ಅಂಚಲ್ಲೊಂದು ಮೊಬೈಲ್ ಟವರ್. ಎತ್ತರ 280 ಅಡಿ. ಗೆಳೆಯ ಹೇಳಿದ, "ಲೇ, ಟವರ್ ಪಕ್ಕ ಹಾರಿಸಿದ್ರೆ ಲಾಭ ಮಾರಾಯ. ಟವರ್ ತುದಿಯಿಂದ ಇನ್ನೂ ನಾನೂರು ಅಡಿ ಮೇಲೆ ಹೋಗಬಹುದು. ರೂಲ್ ಇದೆ."

ಅವನು ಪರೀಕ್ಷೆ ಬರೆದು ಡ್ರೋನ್ ಲೈಸೆನ್ಸ್ ತಗೊಂಡವನು. ನಂಬಿದೆ. ಆ್ಯಪ್‌ನಲ್ಲಿ 120 ಮೀಟರ್ ಅಂತ ಇದ್ದ ಮಿತಿಯನ್ನು ಎಳೆದು ಹೆಚ್ಚಿಸಿದೆ. ಡ್ರೋನು ಟವರ್ ಬದಿಯಲ್ಲೇ ಏರುತ್ತಾ ಹೋಯ್ತು, ಕೆಂಪು ದೀಪ ದಾಟಿತು, 150 ಮೀಟರ್ ಅಂದರೆ ಸುಮಾರು 492 ಅಡಿಯಲ್ಲಿ ನಿಂತಿತು. ಕೆಳಗೆ ಕಾಡು, ನಡುವೆ ಕೆರೆಯ ಒಂದು ತುಣುಕು, ಓರೆಯಾಗಿ ಸಂಜೆಯ ಬಿಸಿಲು. ಅಂಥ ಫೋಟೋ ನಾನು ಮತ್ತೆ ತೆಗೆದಿಲ್ಲ.

ಮನೆಗೆ ಬಂದು, ಎಲ್ಲರಿಗೂ ತೋರಿಸೋ ಮೊದಲು ಅಂತ, ಆ ರೂಲ್ ಹುಡುಕಿ ಓದಿದೆ. ರೂಲ್ ಇತ್ತು. ಆದರೆ ನನಗಲ್ಲ.

ಅಮೆರಿಕದಲ್ಲಿ ಡ್ರೋನ್ ಹಾರಿಸೋಕೆ ಎರಡು ದಾರಿ. ಒಂದು ಪಾರ್ಟ್ 107 ಅನ್ನೋ ನಿಯಮ. ಪರೀಕ್ಷೆ ಪಾಸಾದವರಿಗೆ, ಹಣಕ್ಕಾದರೂ ಸರಿ, ಸುಮ್ಮನಾದರೂ ಸರಿ. ಇನ್ನೊಂದು ಬರೀ ಹವ್ಯಾಸಕ್ಕೆ ಹಾರಿಸುವವರಿಗೆ ಕಾಂಗ್ರೆಸ್ಸು ಮಾಡಿದ ಕಾನೂನು. ಎತ್ತರದ ಕಟ್ಟಡ ಅಥವಾ ಟವರಿನಿಂದ 400 ಅಡಿ ಅಂತರದೊಳಗಿದ್ದರೆ ಅದರ ತುದಿಗಿಂತ 400 ಅಡಿ ಮೇಲಕ್ಕೆ ಹೋಗಬಹುದು ಅನ್ನೋ ಮಾತು ಮೊದಲನೆಯದರಲ್ಲಿ ಮಾತ್ರ ಇದೆ. ಎರಡನೆಯದರಲ್ಲಿ ನೆಲದಿಂದ 400 ಅಡಿ, ಮುಗೀತು. ಪಕ್ಕದಲ್ಲಿ ಟವರ್ ಇರಲಿ, ಬುರ್ಜ್ ಖಲೀಫಾನೇ ಇರಲಿ. ನನ್ನ ಹತ್ತಿರ ಇದ್ದಿದ್ದು ಹವ್ಯಾಸಿಗಳಿಗಿರುವ ಟ್ರಸ್ಟ್ ಅನ್ನೋ ಪುಕ್ಕಟೆ ಆನ್‌ಲೈನ್ ಪರೀಕ್ಷೆಯ ಸರ್ಟಿಫಿಕೇಟು. ಅಂದರೆ ನಾನು 92 ಅಡಿ ಕಾನೂನಿನಾಚೆ ಹೋಗಿ ಬಂದಿದ್ದೆ.

ಎಚ್-1ಬಿ ವೀಸಾದಲ್ಲಿ ಇರೋರಿಗೆ ಈ 92 ಅಡಿ ಎಷ್ಟು ಎತ್ತರ ಅಂತ ವಿವರಿಸಬೇಕಿಲ್ಲ ಅಂದ್ಕೋತೀನಿ. ಪಾರ್ಕಿಂಗ್ ಟಿಕೆಟ್ ಬಂದ್ರೂ ಎರಡು ದಿನ ನಿದ್ದೆ ಬಿಡೋ ಜಾತಿ ನಮ್ಮದು :) ಏನೂ ಆಗಲಿಲ್ಲ, ಯಾರೂ ನೋಡಲೂ ಇಲ್ಲ. ಆದರೆ ಆ ರಾತ್ರಿ ತಲೆಗೆ ಹೊಕ್ಕ ಪ್ರಶ್ನೆ ಹೊರಗೆ ಹೋಗಲಿಲ್ಲ. ಯಾಕೆ 400? ಯಾಕೆ 350 ಅಲ್ಲ, 1000 ಅಲ್ಲ? ಟವರ್ ಪಕ್ಕ ಮಾತ್ರ ಯಾಕೆ ಹೆಚ್ಚು? ಕೋಡ್ ಬರೆಯೋರಿಗೆ ಈ ಚಾಳಿ ಗೊತ್ತಿರುತ್ತೆ. ಯಾರೋ ಯಾವ ಕಾಲದಲ್ಲೋ ಬರೆದ ಕೋಡಿನ ಮಧ್ಯೆ ಕಾರಣ ಹೇಳದ ಒಂದು ಅಂಕಿ ಕೂತಿದ್ದರೆ, ಅದನ್ನು ಹಾಕಿದವನನ್ನು ಹುಡುಕದೆ ಸಮಾಧಾನ ಇಲ್ಲ.

ಹುಡುಕಿದ್ದರಲ್ಲಿ ಸಿಕ್ಕಿದ್ದನ್ನು ಇಲ್ಲಿ ಬರೀತಿದ್ದೀನಿ.

ಎತ್ತರದ್ದು ಕಂಡರೆ ಅದರ ಸುತ್ತ ಹಾರಬೇಕು ಅನ್ನೋ ಚಪಲ ಡ್ರೋನಿಗಿಂತ, ವಿಮಾನಕ್ಕಿಂತಲೂ ಹಳೆಯದು. 1901ರಲ್ಲಿ ಬ್ರೆಜಿಲಿನ ಕಾಫಿ ತೋಟದ ಸಾಹುಕಾರರ ಮಗ ಸಾಂಟೋಸ್-ಡುಮಾಂಟ್ ಪ್ಯಾರಿಸ್ಸಿನಲ್ಲಿ ತನ್ನದೇ ಗಾಳಿನೌಕೆ ಕಟ್ಟಿಕೊಂಡು ಸೇಂಟ್ ಕ್ಲೌಡ್‌ನಿಂದ ಹೊರಟು, ಐಫೆಲ್ ಗೋಪುರ ಸುತ್ತಿ ವಾಪಸ್ ಬರೋ ಪಂದ್ಯಕ್ಕೆ ಇಳಿದಿದ್ದ. 11 ಕಿಲೋಮೀಟರ್, ಅರ್ಧ ಗಂಟೆ. ಆಗಸ್ಟ್‌ನಲ್ಲಿ ಮಾಡಿದ ಪ್ರಯತ್ನದಲ್ಲಿ ಗೋಪುರ ದಾಟಿದ ಮೇಲೆ ನೌಕೆಯ ಅನಿಲ ಸೋರಿ ಹೋಟೆಲೊಂದರ ಗೋಡೆಗೆ ಬಡಿದು, ಆಸಾಮಿ ಮೇಲೇ ನೇತಾಡಿ ಬಚಾವಾದ. ಅಕ್ಟೋಬರ್ 19ರಂದು ಮತ್ತೆ ಹಾರಿ ಗೆದ್ದ. ಅದೂ ಕೆಲವು ಸೆಕೆಂಡುಗಳ ತಕರಾರಿನ ನಂತರ. ಅವನಿಗೆ ಯಾರ ಅನುಮತಿಯೂ ಬೇಕಿರಲಿಲ್ಲ. ಆಕಾಶದಲ್ಲಿ ಬೇರೆ ಯಾರೂ ಇರಲಿಲ್ಲವಲ್ಲ.

ಅದೇ ಗೋಪುರ, 1926ರ ಫೆಬ್ರವರಿ. ಲಿಯೋನ್ ಕೊಲೊ ಅನ್ನೋ ಫ್ರೆಂಚ್ ಪೈಲಟ್ ಗೋಪುರದ ಕಮಾನಿನಡಿ ವಿಮಾನ ತೂರಿಸಿದ. ತೂರಿಸಿದ್ದೇನೋ ಸರಿ, ಆಚೆ ಬರುವಾಗ ರೇಡಿಯೋ ಆ್ಯಂಟೆನಾದ ತಂತಿಗೆ ಸಿಕ್ಕಿ ಬಿದ್ದು ಸತ್ತ. ಅವನನ್ನು ಕೊಂದದ್ದು ಎಲ್ಲರಿಗೂ ಕಾಣುವ ಆ ಭಾರೀ ಕಬ್ಬಿಣದ ಗೋಪುರ ಅಲ್ಲ, ಒಂದು ತಂತಿ. ಈ ತಂತಿ ನೆನಪಿರಲಿ, ಮತ್ತೆ ಬರುತ್ತೆ.

ಅದೇ 1926ರಲ್ಲಿ ಅಮೆರಿಕ ತನ್ನ ಮೊದಲ ವಿಮಾನಯಾನ ಕಾನೂನು ಮಾಡಿತು. ವಿಮಾನಗಳು ಕನಿಷ್ಠ ಎಷ್ಟು ಎತ್ತರದಲ್ಲಿ ಹಾರಬೇಕು ಅಂತ ನಿಗದಿ ಮಾಡೋ ಅಧಿಕಾರ ಸರ್ಕಾರದ್ದು, ಆ ಎತ್ತರಕ್ಕಿಂತ ಮೇಲಿನ ಆಕಾಶ ಎಲ್ಲರದ್ದೂ ಅಂತ ಅದರ ಸಾರ. ಹೆದ್ದಾರಿ ಇದ್ದ ಹಾಗೆ. ಆದರೆ ಹೆದ್ದಾರಿಗೂ ಮನೆಯ ಹೊಸ್ತಿಲಿಗೂ ನಡುವೆ ಇರೋ ಆಕಾಶ ಯಾರದ್ದು? ಅದನ್ನು ಯಾರೂ ಹೇಳಲಿಲ್ಲ. ಅದನ್ನು ಹೇಳಿಸಿದ್ದು ನಾನಿರೋ ಇದೇ ರಾಜ್ಯದ ಕೋಳಿಗಳು. ನಿಜವಾಗಿ!

ರಾಲಿಯಿಂದ ಪಶ್ಚಿಮಕ್ಕೆ ಒಂದೂಕಾಲು ಗಂಟೆ ಡ್ರೈವ್ ಮಾಡಿದರೆ ಗ್ರೀನ್ಸ್‌ಬರೊ. ಅದರ ಹೊರವಲಯದ ವಿಮಾನ ನಿಲ್ದಾಣದ ಪಕ್ಕ ಕಾಸ್ಬಿ ಅನ್ನೋ ದಂಪತಿಗೆ 2.8 ಎಕರೆ ಜಾಗ, ಒಂದು ಮನೆ, ಕೋಳಿ ಸಾಕಣೆಯ ಶೆಡ್ಡುಗಳು. 1942ರಲ್ಲಿ, ಯುದ್ಧದ ಕಾಲ, ಸರ್ಕಾರ ಆ ನಿಲ್ದಾಣವನ್ನು ಬಾಡಿಗೆಗೆ ಹಿಡೀತು. ನಾಲ್ಕು ಎಂಜಿನ್ನಿನ ಬಾಂಬರ್ ವಿಮಾನಗಳು ಬರೋದು ಹೋಗೋದು ಶುರುವಾಯ್ತು. ಇಳಿಯೋ ದಾರಿ ಸರಿಯಾಗಿ ಇವರ ಮನೆ ಮೇಲೆ, ನೆಲದಿಂದ 83 ಅಡಿ ಎತ್ತರದಲ್ಲಿ. ಅಂದರೆ ಮನೆ ಮಾಡಿಗಿಂತ 67 ಅಡಿ ಮೇಲೆ, ಅಲ್ಲಿನ ಅತಿ ಎತ್ತರದ ಮರಕ್ಕಿಂತ ಬರೀ 18 ಅಡಿ ಮೇಲೆ. ನಮ್ಮೂರ ತೆಂಗಿನ ಮರದ ಸುಳಿಯಿಂದ ಒಂದು ಗಳು ಇಟ್ಟರೆ ತಾಗೋ ಅಷ್ಟು!

ವಿಮಾನ ಬಂದಾಗಲೆಲ್ಲ ಕೋಳಿಗಳು ಬೆದರಿ ಹಾರಿ ಗೋಡೆಗೆ ಬಡ್ಕೊಂಡು ಸಾಯ್ತಿದ್ದವು. ಕೆಲವು ದಿನ ಆರು, ಕೆಲವು ದಿನ ಹತ್ತು. ಒಟ್ಟು 150 ಸತ್ತವು ಅಂತ ಕೋರ್ಟಿನ ತೀರ್ಪಿನಲ್ಲೇ ಬರೆದಿದೆ. ಉಳಿದವು ಮೊಟ್ಟೆ ಇಡೋದು ಕಡಿಮೆ ಮಾಡಿದವು. ಗಂಡ ಹೆಂಡತಿಗೆ ನಿದ್ದೆ ಇಲ್ಲ. ಕೊನೆಗೆ ಕೋಳಿ ವ್ಯಾಪಾರವನ್ನೇ ಮುಚ್ಚಿದರು. ಸರ್ಕಾರದ ಮೇಲೆ ದಾವೆ ಹಾಕಿದರು.

ಅಲ್ಲಿವರೆಗೆ ಕಾನೂನಿನಲ್ಲಿ ಒಂದು ಹಳೇ ಲ್ಯಾಟಿನ್ ಸೂತ್ರ ಓಡಾಡ್ತಿತ್ತು. ನೆಲ ಯಾರದ್ದೋ, ಮೇಲೆ ಸ್ವರ್ಗದ ತನಕ ಕೆಳಗೆ ಪಾತಾಳದ ತನಕ ಅವನದ್ದೇ ಅಂತ ಅದರ ಅರ್ಥ. ಆಕಾಶಕ್ಕೆ ಯಾರೂ ಹೋಗದ ಕಾಲದಲ್ಲಿ ಆಕಾಶ ದಾನ ಮಾಡೋಕೆ ಏನು ಕಷ್ಟ? ಈಗ ಎರಡೂ ಕಡೆ ಇಕ್ಕಟ್ಟು. ಸೂತ್ರ ನಿಜ ಅಂದರೆ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹಾರೋ ಪ್ರತಿ ವಿಮಾನವೂ ಸಾವಿರಾರು ಜನರ ಜಾಗಕ್ಕೆ ಅತಿಕ್ರಮ ಪ್ರವೇಶ ಮಾಡಿದಂತೆ. ಸುಳ್ಳು ಅಂದರೆ ನಾಳೆ ಯಾರಾದರೂ ಕಿಟಕಿ ಮುಂದೆಯೇ ವಿಮಾನ ತಂದು ನಿಲ್ಲಿಸಬಹುದು.

1946ರ ಮೇ 27ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ವಿಲಿಯಂ ಡಗ್ಲಸ್. ಸ್ವರ್ಗದ ತನಕ ಅನ್ನೋ ಸೂತ್ರಕ್ಕೆ ಈ ಕಾಲದಲ್ಲಿ ಜಾಗವಿಲ್ಲ ಅಂತ ಅದನ್ನು ಬದಿಗಿಟ್ಟರು. ಆದರೆ ನೆಲದವನು ತನ್ನ ನೆಲ ಅನುಭವಿಸೋಕೆ ಎಷ್ಟು ಆಕಾಶ ಬಳಸಬಲ್ಲನೋ, ಕಟ್ಟಡ ಕಟ್ಟೋಕೆ, ಮರ ಬೆಳೆಸೋಕೆ, ಬೇಲಿ ಹಾಕೋಕೆ ಬೇಕಾದಷ್ಟು, ಅದು ಅವನದ್ದೇ. ಆಗ ನಿಯಮದ ಪ್ರಕಾರ ಪ್ರಯಾಣಿಕ ವಿಮಾನಗಳಿಗೆ ಕನಿಷ್ಠ ಎತ್ತರ ಹಗಲು 500 ಅಡಿ, ರಾತ್ರಿ 1000 ಅಡಿ. ಸಾರ್ವಜನಿಕ ಹೆದ್ದಾರಿ ಅಲ್ಲಿಂದ ಮೇಲೆ. 83 ಅಡಿ ಹೆದ್ದಾರಿ ಅಲ್ಲ, ಕಾಸ್ಬಿಯವರ ಅಂಗಳ. ಸರ್ಕಾರ ಅದನ್ನು ಕಿತ್ಕೊಂಡ ಹಾಗಾಗಿದೆ, ಪರಿಹಾರ ಕೊಡಬೇಕು.

ಇಬ್ಬರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಆದರೂ ತೀರ್ಪು ನಿಂತಿತು, ಇವತ್ತಿಗೂ ನಿಂತಿದೆ.

ಈ ಕತೆಯನ್ನು ಶನಿವಾರ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ತಿಪಟೂರು ಕಡೆ ನಮ್ಮದೂ ಒಂದಿಷ್ಟು ತೆಂಗಿನ ತೋಟ.

"ಕೋಳಿ ಸತ್ತಿದ್ದಕ್ಕೆ ದುಡ್ಡು ಕೊಟ್ರಾ?"

"ಕೋಳಿಗಲ್ಲ ಅಪ್ಪ, ಜಾಗದ ಮೇಲಿರೋ ಆಕಾಶಕ್ಕೆ."

"ಆಕಾಶಕ್ಕೆ ದುಡ್ಡು ಕೊಡ್ತಾರಾ ಅಲ್ಲಿ?" ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ಪಕ್ಕದ ತೋಟದವ್ನ ಮರ ನಮ್ಮ ಬದು ಮೇಲೆ ವಾಲ್ಕೊಂಡು ಹನ್ನೆರಡು ವರ್ಷ ಆತಲ್ಲ, ನಮ್ಗೂ ಬರ್ಬೇಕಿತ್ತು. ಅವ್ನು ಕಾಯಿನೂ ಕೊಡಲ್ಲ."

ಡಗ್ಲಸ್ ಸಾಹೇಬರು ತೀರ್ಪಿನಲ್ಲಿ ಹೇಳಿದ್ದನ್ನು ಅಪ್ಪ ಒಂದು ವಾಲಿದ ಮರದಲ್ಲಿ ಮುಗಿಸಿದರು.

ಇನ್ನು ಲೆಕ್ಕ ಸುಲಭ. ವಿಮಾನಗಳ ಹೆದ್ದಾರಿ, ಜನದಟ್ಟಣೆ ಇಲ್ಲದ ಕಡೆ, 500 ಅಡಿಯಿಂದ ಮೇಲೆ. 1981ರ ಜೂನ್‌ನಲ್ಲಿ ಎಫ್‌ಎಎ, ಅಂದರೆ ಇಲ್ಲಿನ ವಿಮಾನಯಾನ ಇಲಾಖೆ, ಮಾಡೆಲ್ ವಿಮಾನ ಹಾರಿಸೋ ಹವ್ಯಾಸಿಗಳಿಗೆ ಅಂತ ಒಂದು ಚಿಕ್ಕ ಸುತ್ತೋಲೆ ಹೊರಡಿಸಿತು. ನೆಲದಿಂದ 400 ಅಡಿ ಮೇಲೆ ಹಾರಿಸಬೇಡಿ, ವಿಮಾನ ನಿಲ್ದಾಣದಿಂದ ಮೂರು ಮೈಲಿ ಒಳಗಿದ್ದರೆ ಅಲ್ಲಿನವರಿಗೆ ತಿಳಿಸಿ, ನಿಜವಾದ ವಿಮಾನ ಬಂದರೆ ದಾರಿ ಬಿಡಿ. ಕಾನೂನಲ್ಲ, ಸಲಹೆ. ದೊಡ್ಡವರ 500, ಚಿಕ್ಕವರ 400, ನಡುವೆ ನೂರಡಿ ಖಾಲಿ. ನಾನು ಹುಡುಕ್ತಿದ್ದ ಅಂಕಿ ಈ ಸುತ್ತೋಲೆಯಲ್ಲಿ ಕೂತಿತ್ತು. ಆಗ ಬಾಲ್ಸಾ ಮರದ ವಿಮಾನ ಮಾಡ್ತಿದ್ದವರು ಕ್ಲಬ್ಬಿನ ಮೈದಾನದಲ್ಲಿ ಭಾನುವಾರ ಹಾರಿಸ್ತಿದ್ದರು. ಅದನ್ನು ಊರ ಮಧ್ಯದ ಗೋಪುರಕ್ಕೆ ಸುತ್ತಿಸಬೇಕು ಅಂತ ಯಾರಿಗೂ ಅನಿಸಿರಲಿಕ್ಕಿಲ್ಲ, ಕ್ಯಾಮೆರಾ ಇರಲಿಲ್ಲವಲ್ಲ. ಹಾಗಾಗಿ ಮೂವತ್ತು ವರ್ಷ ಸಲಹೆಯೇ ಸಾಕಾಯ್ತು.

ಕ್ಯಾಮೆರಾ ಬಂತು ನೋಡಿ, ಎಲ್ಲರೂ ಕಟ್ಟಡಗಳ ಕಡೆ ತಿರುಗಿದರು. 2011ರ ಅಕ್ಟೋಬರ್‌ನಲ್ಲಿ ರಾಫೆಲ್ ಪಿರ್ಕರ್ ಅನ್ನೋನು ವರ್ಜೀನಿಯಾ ವಿಶ್ವವಿದ್ಯಾಲಯದ ಕಟ್ಟಡಗಳ ನಡುವೆ ಒಂದು ಫೋಮ್ ವಿಮಾನ ಹಾರಿಸಿ ವಿಡಿಯೋ ಮಾಡಿದ. ಎಫ್‌ಎಎ ಅವನಿಗೆ 10,000 ಡಾಲರ್ ದಂಡ ಹಾಕಿತು. 2014ರ ಮಾರ್ಚ್‌ನಲ್ಲಿ ಒಬ್ಬ ಆಡಳಿತ ನ್ಯಾಯಾಧೀಶರು, ಮಾಡೆಲ್ ವಿಮಾನಕ್ಕೆ ಅನ್ವಯಿಸೋ ಕಾನೂನೇ ಇಲ್ಲ, ಇರೋದು ಸಲಹೆ ಮಾತ್ರ ಅಂತ ದಂಡ ರದ್ದು ಮಾಡಿದರು. ನವೆಂಬರ್‌ನಲ್ಲಿ ಮೇಲ್ಮನವಿಯಲ್ಲಿ ಅದು ತಿರುಗಿಬಿತ್ತು, ಹಾರೋದೆಲ್ಲ ವಿಮಾನವೇ ಅಂತ ತೀರ್ಮಾನವಾಯ್ತು. 2015ರ ಜನವರಿಯಲ್ಲಿ ತಪ್ಪೊಪ್ಪಿಕೊಳ್ಳದೆ 1,100 ಡಾಲರ್ ಕೊಟ್ಟು ರಾಜಿ. ಈ ಜಗ್ಗಾಟದಲ್ಲಿ ಗೆದ್ದವರು ಯಾರು ಅಂತ ನನಗಂತೂ ಗೊತ್ತಾಗಲಿಲ್ಲ. 1981ರ ಪುಟ್ಟ ಸುತ್ತೋಲೆ ಮಾತ್ರ ಇನ್ನು ಸಾಕಾಗಲ್ಲ ಅನ್ನೋದು ಎಲ್ಲರಿಗೂ ಗೊತ್ತಾಯ್ತು.

ಇಷ್ಟರಲ್ಲಿ ಬಡಿಯೋದೂ ಶುರುವಾಗಿತ್ತು. 2015ರ ಜೂನ್‌ನಲ್ಲಿ ಸಿಯಾಟಲ್‌ನ ಮೆರವಣಿಗೆಯೊಂದರಲ್ಲಿ ಡ್ರೋನು ಕಟ್ಟಡಕ್ಕೆ ಬಡಿದು ಕೆಳಗಿದ್ದ ಹೆಂಗಸಿನ ತಲೆ ಮೇಲೆ ಬಿತ್ತು, ಆಕೆ ಪ್ರಜ್ಞೆ ತಪ್ಪಿದಳು. ಹಾರಿಸಿದವನಿಗೆ 2017ರಲ್ಲಿ 30 ದಿನ ಜೈಲು. ಅದೇ ಊರಲ್ಲಿ 2016ರ ಡಿಸೆಂಬರ್ 31ರಂದು, 605 ಅಡಿ ಎತ್ತರದ ಸ್ಪೇಸ್ ನೀಡಲ್ ಮೇಲೆ ಹೊಸ ವರ್ಷದ ಪಟಾಕಿ ಜೋಡಿಸ್ತಿದ್ದಾಗ ಇನ್ನೊಂದು ಡ್ರೋನು ಬಂದು ಮಾಡಿಗೇ ಗುದ್ದಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಡ್ರೋನಿನ ಕ್ಯಾಮೆರಾದಲ್ಲೇ ಅದರ ವಿಡಿಯೋ ಸಿಕ್ಕಿತು. ದೂರದಲ್ಲಿ ಪುಟ್ಟದಾಗಿ ಕಾಣೋ ನೀಡಲ್ಲು ದೊಡ್ಡದಾಗ್ತಾ ದೊಡ್ಡದಾಗ್ತಾ ಬಂದು... ಆಮೇಲೆ ಪರದೆ ಅಲ್ಲಾಡುತ್ತೆ.

ಈಗ ಟವರಿನ ವಿಷಯಕ್ಕೆ ಬರೋಣ, ನನಗೆ ಬೇಕಾಗಿದ್ದು ಅದೇ. ಪಾರ್ಟ್ 107ರ ಕರಡು 2015ರ ಫೆಬ್ರವರಿಯಲ್ಲಿ ಬಂದಾಗ ಅದರಲ್ಲಿ ಮಿತಿ 500 ಅಡಿ ಇತ್ತು. ಟವರಿನ ಮಾತೇ ಇರಲಿಲ್ಲ. 2016ರ ಜೂನ್‌ನಲ್ಲಿ ಅಂತಿಮ ನಿಯಮ ಬಂದಾಗ 500 ಹೋಗಿ 400 ಆಗಿತ್ತು, ಜೊತೆಗೆ ಎತ್ತರದ ರಚನೆಯ ವಿನಾಯಿತಿ ಸೇರಿತ್ತು. ಆಗಸ್ಟ್ 29ರಿಂದ ಜಾರಿ. ಒಂದು ಕೈಯಿಂದ ನೂರಡಿ ಕಿತ್ಕೊಂಡು ಇನ್ನೊಂದು ಕೈಯಿಂದ ಟವರಿನ ತಲೆ ಮೇಲೆ ನಾನೂರು ಕೊಟ್ಟರು.

ಯಾಕೆ ಅಂತ ಯೋಚಿಸಿದರೆ ಬಹಳ ಸೊಗಸಾದ ತರ್ಕ ಅದು. ದೊಡ್ಡ ವಿಮಾನದ ನಿಯಮ ನೋಡಿ. ಊರ ಮೇಲೆ ಹಾರುವಾಗ 2000 ಅಡಿ ತ್ರಿಜ್ಯದೊಳಗಿನ ಅತಿ ಎತ್ತರದ ಅಡ್ಡಿಗಿಂತ 1000 ಅಡಿ ಮೇಲಿರಬೇಕು. ಜನ ವಿರಳವಾದ ಕಡೆ ನೆಲಕ್ಕೆ ಇನ್ನೂ ಹತ್ತಿರ ಹಾರಬಹುದು, ಆದರೆ ಯಾವುದೇ ಮನುಷ್ಯ, ವಾಹನ ಅಥವಾ ಕಟ್ಟಡಕ್ಕೆ 500 ಅಡಿಗಿಂತ ಹತ್ತಿರ ಹೋಗಬಾರದು. ಅಂದರೆ ಟವರ್ ಇರೋ ಕಡೆ ಪೈಲಟ್ ತಾನಾಗಿಯೇ ದೂರ ಸರಿದಿರ್ತಾನೆ. ಹೆದ್ದಾರಿ ಟವರಿಗೆ ತಾಗೋ ಬದಲು ಅದರ ಸುತ್ತ ಉಬ್ಬಿಕೊಂಡು ಹೋಗುತ್ತೆ, ಹರಿಯೋ ನೀರು ಬಂಡೆಯನ್ನು ಬಳಸಿ ಹೋದ ಹಾಗೆ. ಬಂಡೆಯ ಮರೆಯಲ್ಲಿ ಸಣ್ಣ ಮೀನಿಗೆ ಜಾಗ. ಆ ಮರೆಯನ್ನೇ ನಿಯಮ 400 ಅಡಿ ಅಂತ ಅಳೆದು ಕೊಟ್ಟಿತು. ಟವರ್ ಹತ್ತಿ ಬೋಲ್ಟ್ ಪರೀಕ್ಷೆ ಮಾಡೋ ಕೆಲಸಗಾರರು ಬಿದ್ದು ಸಾಯೋದು ಇಲ್ಲಿ ಹೊಸತಲ್ಲ. ಮನುಷ್ಯನ ಬದಲು ಡ್ರೋನು ಹತ್ತಲಿ ಅನ್ನೋದೂ ವಿನಾಯಿತಿ ಕೇಳಿದವರ ವಾದವಾಗಿತ್ತು.

ಹವ್ಯಾಸಿಗಳ ದಾರಿ ಮಾತ್ರ ಬೇರೆ ಕಡೆ ತಿರುಗಿತು. 2012ರಲ್ಲಿ ಕಾಂಗ್ರೆಸ್ಸು ಹವ್ಯಾಸಿಗಳ ತಂಟೆಗೆ ಹೋಗಬೇಡಿ ಅಂತ ಎಫ್‌ಎಎ ಕೈ ಕಟ್ಟಿತ್ತು. ಕ್ಲಬ್ಬುಗಳ ಸುರಕ್ಷತಾ ನಿಯಮ ಪಾಲಿಸಿದರೆ ಸಾಕು, ಕಾನೂನಲ್ಲಿ ಎತ್ತರದ ಅಂಕಿಯೇ ಇರಲಿಲ್ಲ! ಆ ಧೈರ್ಯದಲ್ಲೇ ಹವ್ಯಾಸಿಯೊಬ್ಬ ಡ್ರೋನ್ ನೋಂದಣಿಯನ್ನು ಕೋರ್ಟಿನಲ್ಲಿ ಪ್ರಶ್ನಿಸಿ 2017ರ ಮೇನಲ್ಲಿ ಗೆದ್ದ, ಡಿಸೆಂಬರ್‌ನಲ್ಲಿ ಕಾಂಗ್ರೆಸ್ಸು ಇನ್ನೊಂದು ಮಸೂದೆಯೊಳಗೆ ತುರುಕಿ ನೋಂದಣಿಯನ್ನು ವಾಪಸ್ ತಂದಿತು. 2018ರ ಅಕ್ಟೋಬರ್‌ನಲ್ಲಿ 2012ರ ವಿನಾಯಿತಿಯನ್ನೇ ತೆಗೆದು ಹೊಸ ಕಲಂ ಬರೆದರು. ಅದರಲ್ಲಿ 400 ಅಡಿ ಸಲಹೆಯಿಂದ ಕಾನೂನಾಯ್ತು. ಟವರಿನ ವಿನಾಯಿತಿ ಬರಲಿಲ್ಲ. ಕೇಳೋರು ಯಾರೂ ಇರಲಿಲ್ಲವೋ, ಬೇಕಂತಲೇ ಬಿಟ್ಟರೋ. ನನಗನಿಸೋದು, ಪರೀಕ್ಷೆ ಬರೆಯದವನನ್ನು ಟವರಿನ ಹತ್ತಿರ ಕರೆಯೋದೇ ಬೇಡ ಅನ್ನೋದು ತಪ್ಪೇನಲ್ಲ. ಅದಕ್ಕೆ ಕಾರಣ ತಂತಿ.

ರಾಲಿಯಿಂದ ಗಾರ್ನರ್ ಕಡೆ ಹೋಗುವಾಗ ರಾತ್ರಿ ಆಕಾಶದಲ್ಲಿ ಒಂದರ ಮೇಲೊಂದು ಕೆಂಪು ದೀಪ ಕಾಣುತ್ತೆ. ಆಬರ್ನ್ ಅನ್ನೋ ಜಾಗದ ಟಿವಿ ಟವರುಗಳು, ಸುಮಾರು 2000 ಅಡಿ. ನಮ್ಮ ವಿಜಾಪುರದ ಗೋಳಗುಮ್ಮಟವನ್ನು ಒಂದರ ಮೇಲೊಂದು ಹತ್ತಕ್ಕೂ ಹೆಚ್ಚು ಸಲ ಇಟ್ಟರೆ ಅಷ್ಟಾಗುತ್ತೆ. ಇಷ್ಟು ಎತ್ತರದ್ದು ತನ್ನ ಕಾಲ ಮೇಲೆ ನಿಲ್ಲಲ್ಲ. ಉಕ್ಕಿನ ತಂತಿಗಳನ್ನು ಓರೆಯಾಗಿ ಬಿಗಿದು ನಾಲ್ಕೂ ಕಡೆಯಿಂದ ಹಿಡಿದಿರ್ತಾರೆ. 1989ರ ಡಿಸೆಂಬರ್ 10ರಂದು ಹಿಂದಿನ ದಿನದ ಮಳೆ ಟವರು, ತಂತಿಗಳ ಮೇಲೆಲ್ಲ ಮಂಜುಗಡ್ಡೆಯಾಗಿ ಕಟ್ಟಿ, ಅದರ ಭಾರಕ್ಕೆ ಇಲ್ಲಿನ ಎರಡು ಟವರುಗಳು ಒಂದೇ ದಿನ ಕುಸಿದವು.

ಪೈಲಟ್‌ಗಳಿಗಾಗಿ ಎಫ್‌ಎಎ ಬರೆದ ಕೈಪಿಡಿಯಲ್ಲಿ ಈ ತಂತಿಗಳ ಬಗ್ಗೆ ಒಂದು ಮಾತಿದೆ. ಇವು ಟವರಿನಿಂದ ಪಕ್ಕಕ್ಕೆ 1500 ಅಡಿ ತನಕ ಚಾಚಿರಬಹುದು, ಒಳ್ಳೇ ಬೆಳಕಿನಲ್ಲೂ ಕಾಣೋದು ಕಷ್ಟ, ಆದ್ದರಿಂದ ಅಂಥ ಟವರುಗಳಿಂದ 2000 ಅಡಿ ದೂರ ಇರಿ ಅಂತ. ಈಗ ಎರಡನ್ನೂ ಪಕ್ಕ ಪಕ್ಕ ಇಡಿ. ಡ್ರೋನ್ ನಿಯಮ ಹೇಳುತ್ತೆ, ಎತ್ತರ ಬೇಕಿದ್ದರೆ ಟವರಿಗೆ 400 ಅಡಿ ಒಳಗೆ ಬಾ ಅಂತ. ಪೈಲಟ್ ಕೈಪಿಡಿ ಹೇಳುತ್ತೆ, ಆ ಜಾಗದ ತುಂಬ ಕಾಣದ ತಂತಿ ಇದೆ ಅಂತ. ಕಾನೂನು ಯಾವುದನ್ನು ಸುರಕ್ಷಿತ ಅಂತ ಕೊಟ್ಟಿತೋ ಅದು ವಿಮಾನದಿಂದ ಸುರಕ್ಷಿತ, ತಂತಿಯಿಂದಲ್ಲ. ಲಿಯೋನ್ ಕೊಲೊ ಸತ್ತು ನೂರು ವರ್ಷವಾದರೂ ಈ ತಂತಿಯ ಸಮಸ್ಯೆ ಹಾಗೇ ಇದೆ. ನನ್ನ ಡ್ರೋನಿನಲ್ಲೂ ಅಡ್ಡಿ ಗುರುತಿಸೋ ಸೆನ್ಸರ್ ಇದೆ, ಗೋಡೆ ನೋಡಿದರೆ ನಿಲ್ಲುತ್ತೆ. ತೆಳು ತಂತಿ ಅದಕ್ಕೆ ಕಾಣಲ್ಲ.

ಇನ್ನೆರಡು ವಿಷಯ ಆ ಟವರಿನ ಪಕ್ಕ ಕಲಿತದ್ದು. ಡ್ರೋನು ತೋರಿಸೋ ಎತ್ತರ ನೆಲದಿಂದ ಅಲ್ಲ, ನೀವು ಹಾರಿಸಿದ ಜಾಗದಿಂದ. ಒಳಗಿರೋ ಬ್ಯಾರೋಮೀಟರ್ ಹೊರಟ ಜಾಗದ ಗಾಳಿಯ ಒತ್ತಡವನ್ನು ಸೊನ್ನೆ ಅಂತ ಇಟ್ಕೊಳ್ಳುತ್ತೆ. ನೂರಡಿ ಎತ್ತರದ ಕಟ್ಟಡದ ತಾರಸಿಯಿಂದ ಹಾರಿಸಿ ಆಚೆ ಹೋದರೆ, ಪರದೆ ಮೇಲೆ 400 ಅಂತಿದ್ದಾಗ ಕೆಳಗಿನ ರಸ್ತೆಯಿಂದ ಅದು 500 ಅಡಿಯಲ್ಲಿರುತ್ತೆ. ಗುಡ್ಡದ ಮೇಲಿಂದ ಕಣಿವೆ ಕಡೆಗೆ ಹೋದರೂ ಇದೇ ಕತೆ. ಎರಡನೆಯದು, ಉಕ್ಕಿನ ಪಕ್ಕ ದಿಕ್ಸೂಚಿ ತಲೆ ಕೆಡಿಸಿಕೊಳ್ಳುತ್ತೆ, ಎತ್ತರದ ಗೋಡೆ ಪಕ್ಕ ಜಿಪಿಎಸ್ ಸಂಕೇತ ಗೋಡೆಗೆ ತಾಗಿ ಬರೋದರಿಂದ ತಾನೆಲ್ಲಿದ್ದೀನಿ ಅನ್ನೋದೇ ಅದಕ್ಕೆ ತಪ್ಪುತ್ತೆ. ಆಗ ಡ್ರೋನು ನಿಂತಲ್ಲಿ ನಿಲ್ಲದೆ ಸುತ್ತು ಹಾಕೋಕೆ ಶುರು ಮಾಡುತ್ತೆ. ಆ ಸಂಜೆ ನನ್ನದೂ ಒಂದು ಸಲ ಟವರಿನ ಕಡೆ ಎರಡು ಮಾರು ಜಾರಿತ್ತು. ಗಾಳಿ ಅಂದ್ಕೊಂಡಿದ್ದೆ.

ಡಿಸೆಂಬರ್ ರಜೆಯಲ್ಲಿ ಸಮುದ್ರದ ಕಡೆ ಹೋಗಿದ್ದೆ, ಕಿಲ್ ಡೆವಿಲ್ ಹಿಲ್ಸ್‌ಗೆ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿದ ಜಾಗ. ಮೊದಲ ಹಾರಾಟ 12 ಸೆಕೆಂಡು, 120 ಅಡಿ ದೂರ. ಇಳಿದ ಜಾಗಗಳಲ್ಲಿ ಕಲ್ಲು ನೆಟ್ಟಿದ್ದಾರೆ. ಮರಳುದಿಬ್ಬದ ಮೇಲೆ 60 ಅಡಿಯ ಸ್ಮಾರಕ ಗೋಪುರ. ಬ್ಯಾಗಿನಲ್ಲಿ ಡ್ರೋನು ಇತ್ತು. ಆದರೆ ಅದು ರಾಷ್ಟ್ರೀಯ ಉದ್ಯಾನ ಇಲಾಖೆಯ ಜಾಗ, 2014ರಿಂದ ಅವರ ಯಾವ ಜಾಗದಲ್ಲೂ ಡ್ರೋನ್ ಹಾರಿಸೋ ಹಾಗಿಲ್ಲ. ಮನುಷ್ಯ ಹಾರೋದು ಕಲಿತ ಮೈದಾನದಲ್ಲಿ ಕಾಲು ಗಂಟೆ ನಡೆದಾಡಿ, ಬ್ಯಾಗ್ ಬಿಚ್ಚದೆ ವಾಪಸ್ ಬಂದೆ. ಅಲ್ಲಿ ಸಿಕ್ಕಾಪಟ್ಟೆ ಗಾಳಿ. ಅವರು ಆ ಜಾಗ ಆರಿಸಿದ್ದೇ ಅದಕ್ಕಂತೆ.

ಗ್ರೀನ್ಸ್‌ಬರೊಗೂ ಹೋಗಿದ್ದೆ. ಕಾಸ್ಬಿಯವರ ಪಕ್ಕದಲ್ಲಿದ್ದ ಆ ನಿಲ್ದಾಣ ಈಗ ದೊಡ್ಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ, ಹೋಂಡಾ ಕಂಪನಿ ಪುಟ್ಟ ಜೆಟ್ ತಯಾರಿಸೋದೂ ಅಲ್ಲೇ. ರಸ್ತೆ ಪಕ್ಕ ಕಾರು ನಿಲ್ಲಿಸಿ ವಿಮಾನ ಇಳಿಯೋದು ನೋಡಿದೆ. ಕೋಳಿಗಳು ಎಲ್ಲೂ ಕಾಣಲಿಲ್ಲ :)

ಊರಲ್ಲಿ ಚಿಕ್ಕಪ್ಪನ ಮಗನಿಗೆ ಡ್ರೋನ್ ಹುಚ್ಚು. "ಅಣ್ಣ, ಬರ್ತಾ ಒಂದು ತಗೊಂಬಾ, ಮದುವೆಗೆ ಆಗ್ತದೆ" ಅಂತ ಪ್ರತಿ ಸಲ ಹೇಳ್ತಾನೆ. ಹಾಗೆ ತರೋಕಾಗಲ್ಲ ಕಣೋ ಅಂತ ಹೇಳಿದ್ದೀನಿ. 2022ರ ಫೆಬ್ರವರಿಯಲ್ಲಿ ಭಾರತ ಸರ್ಕಾರ ಡ್ರೋನ್ ಆಮದನ್ನೇ ನಿಷೇಧಿಸಿತು, ಸಂಶೋಧನೆ, ರಕ್ಷಣೆ, ಭದ್ರತೆಗಳಿಗೆ ಮಾತ್ರ ವಿನಾಯಿತಿ ಇಟ್ಟು. ಅಲ್ಲಿನ ಚರಿತ್ರೆ ಇಲ್ಲಿನದ್ದಕ್ಕೆ ಉಲ್ಟಾ. 2014ರ ಅಕ್ಟೋಬರ್‌ನಲ್ಲಿ ಡಿಜಿಸಿಎ ಒಂದು ಪ್ರಕಟಣೆಯಲ್ಲಿ ಸಾರ್ವಜನಿಕರು ಹಾರಿಸೋದನ್ನು ನಿಲ್ಲಿಸಿತು, 2018ರ ಡಿಸೆಂಬರ್‌ನಿಂದ ಬಿಗಿ ನಿಯಮದಲ್ಲಿ ಬಾಗಿಲು ತೆರೆಯಿತು, 2021ರ ಆಗಸ್ಟ್‌ನ ನಿಯಮದಲ್ಲಿ ಸಡಿಲ ಮಾಡಿತು. ಕೆಂಪು, ಹಳದಿ, ಹಸಿರು ವಲಯ. ಹಸಿರಿನ ಎತ್ತರ ಎಷ್ಟು ಹೇಳಿ? 400 ಅಡಿ ಅಥವಾ 120 ಮೀಟರ್. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿ. ಯುರೋಪಿನಲ್ಲೂ 120 ಮೀಟರ್. ಅವರು ಮಾತ್ರ ಕಟ್ಟಡದ ಮಾಲೀಕನನ್ನು ಲೆಕ್ಕಕ್ಕೆ ತಗೊಂಡಿದ್ದಾರೆ. 105 ಮೀಟರಿಗಿಂತ ಎತ್ತರದ ರಚನೆ ಇದ್ದು, ಅದರ ಜವಾಬ್ದಾರಿ ಹೊತ್ತವರು ಕೇಳಿಕೊಂಡರೆ, 50 ಮೀಟರ್ ಅಂತರದೊಳಗಿದ್ದು ತುದಿಗಿಂತ 15 ಮೀಟರ್ ಮೇಲೆ ಹೋಗಬಹುದು. ಎಲ್ಲ ಕಡೆಗೂ ಅದೇ ಅಂಕಿ. ತಿಪಟೂರಿನ ತೋಟದ ಮೇಲೂ ಅದೇ 400.

ಇಲ್ಲಿವರೆಗೆ ಓದಿದವರಿಗೆ ಆ ಫೋಟೋ ಎಲ್ಲಿ ಅನ್ನೋ ಪ್ರಶ್ನೆ ಬಂದಿರುತ್ತೆ. ಇದರ ಜೊತೆ ಅದನ್ನೇ ಹಾಕಬೇಕು ಅಂತಿದ್ದೆ. 2020ರಲ್ಲಿ ಫಿಲಡೆಲ್ಫಿಯಾದಲ್ಲಿ ಎತ್ತರದ ಕಟ್ಟಡಗಳ ಸುತ್ತ ಡ್ರೋನ್ ಹಾರಿಸಿ ಯೂಟ್ಯೂಬಿಗೆ ಹಾಕ್ತಿದ್ದ ಒಬ್ಬನಿಗೆ ಎಫ್‌ಎಎ 1,82,000 ಡಾಲರ್ ದಂಡದ ನೋಟಿಸ್ ಕಳಿಸಿತು. ಸಾಕ್ಷಿ ಅವನದೇ ವಿಡಿಯೋಗಳು. ಅದನ್ನು ಓದಿ ಹೆದರಿ ಹಾಕಿಲ್ಲ ಅಂದರೆ ಅರ್ಧ ನಿಜ. ಇನ್ನರ್ಧ, ಅದನ್ನು ನೋಡಿದಾಗಲೆಲ್ಲ ಕೆರೆ ಕಾಣಲ್ಲ, ಮೂಲೆಯಲ್ಲಿರೋ 150 ಮೀಟರ್ ಅನ್ನೋ ಅಂಕಿಯೇ ಕಾಣುತ್ತೆ.

ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. "ಅಯ್ಯೋ, ಹವ್ಯಾಸಿಗಳಿಗೆ ಅದು ಇಲ್ವಾ? ನಾನು ನೋಡೇ ಇರ್ಲಿಲ್ವಲ್ಲೋ" ಅಂದ. ಪಾರ್ಟ್ 107 ಪರೀಕ್ಷೆಗೆ ಅವನ ಹಳೇ ನೋಟ್ಸ್ ಕೊಟ್ಟಿದ್ದಾನೆ, ಮುಂದಿನ ತಿಂಗಳು ಬರೀತೀನಿ. ವಿಮಾನ ನಕ್ಷೆ ಓದೋದು ಕಲೀತಿದ್ದೀನಿ. ಅದರಲ್ಲಿ ಟವರಿನ ಗುರುತಿನ ಪಕ್ಕ ಎರಡು ಅಂಕಿ ಇರುತ್ತೆ. ದಪ್ಪಕ್ಷರದ್ದು ಸಮುದ್ರಮಟ್ಟದಿಂದ, ಆವರಣದೊಳಗಿನದ್ದು ನೆಲದಿಂದ. ಮೊದಲ ವಾರ ನಾನು ಎರಡನ್ನೂ ಅದಲು ಬದಲು ಓದ್ತಿದ್ದೆ.

ಹೋದ ಭಾನುವಾರ ಅದೇ ಜಮೀನಿಗೆ ಹೋಗಿದ್ದೆ. ಎಲೆ ಎಲ್ಲ ಉದುರಿ ಕಾಡು ಬೋಳಾಗಿತ್ತು. ಟವರಿನಿಂದ ದೂರ, ಹೊಲದ ಈ ತುದಿಯಲ್ಲಿ ನಿಂತು, 118 ಮೀಟರ್‌ಗೆ ನಿಲ್ಲಿಸಿದೆ. ಅಲ್ಲಿಂದ ಕೆರೆ ಕಾಣಲ್ಲ, ಒಂದು ಸಾಲು ಪೈನ್ ಮರ ಅಡ್ಡ ಬರುತ್ತೆ. ಬಿಸಿಲು ಟವರಿನ ತಂತಿಗಳ ಮೇಲೆ ಬಿದ್ದಿತ್ತು. ಎಣಿಸಿದೆ, ಒಂಬತ್ತು ಇದ್ದವು. ಆವತ್ತು ಒಂದನ್ನೂ ನೋಡಿರಲಿಲ್ಲ.